ದೋಣಿಯ ಮೈಗೆ ಬಣ್ಣವೋ, ಎಣ್ಣೆಯೋ?

ಮರದ ದೋಣಿಯನ್ನು ಕಟ್ಟಿ ಮುಗಿಸಿದ ದಿನ ಬಡಗಿಯ ಕೆಲಸ ಮುಗಿಯುತ್ತದೆ, ಒಡೆಯನ ಚಿಂತೆ ಆರಂಭವಾಗುತ್ತದೆ. ಹಲಗೆಗಳ ಮೇಲೆ ಏನನ್ನು ಬಳಿಯಬೇಕು? ಮರದ ಎಳೆ ಕಾಣದಂತೆ ಗಟ್ಟಿಯಾಗಿ ಬಣ್ಣ ಹಚ್ಚಬೇಕೆ? ಅಥವಾ ಎಣ್ಣೆಯನ್ನೋ ವಾರ್ನಿಷನ್ನೋ ಸವರಿ ಮರವನ್ನು ಇದ್ದಂತೆಯೇ ಕಾಣಲು ಬಿಡಬೇಕೆ? ಮೇಲ್ನೋಟಕ್ಕೆ ಇದು ಅಂದಚಂದದ ಪ್ರಶ್ನೆ. ಆದರೆ ಹಿಂದೂ ಮಹಾಸಾಗರದ ದಂಡೆಗಳಲ್ಲಿ ಹಡಗು ಕಟ್ಟಿದವರು ಶತಮಾನಗಳ ಕಾಲ ಇದಕ್ಕೆ ಉತ್ತರ ಹುಡುಕಿದ್ದಾರೆ. ಆ ಉತ್ತರದ ಮೇಲೆ ಹಡಗಿನ ಆಯುಷ್ಯ ಮಾತ್ರವಲ್ಲ, ಅದರಲ್ಲಿ ಕುಳಿತವರ ಪ್ರಾಣವೂ ನಿಂತಿತ್ತು.

ಕಡಲು ಕಾಣದ ಚಾಮರಾಜನಗರ ಜಿಲ್ಲೆಗೂ ಈ ಪ್ರಶ್ನೆಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧವನ್ನು ಜೋಡಿಸುವುದು ಒಂದು ರಸ್ತೆ. ಕಲ್ಲಿಕೋಟೆಯಲ್ಲಿ ಹೊರಡುವ 766ನೇ ರಾಷ್ಟ್ರೀಯ ಹೆದ್ದಾರಿ ವಯನಾಡಿನ ಘಾಟಿ ಹತ್ತಿ, ಬಂಡೀಪುರದ ಕಾಡು ದಾಟಿ, ಗುಂಡ್ಲುಪೇಟೆಗೆ ಬಂದು, ನಂಜನಗೂಡು, ಮೈಸೂರು, ತಿರುಮಕೂಡಲು ನರಸೀಪುರಗಳ ಮೂಲಕ ಕೊಳ್ಳೇಗಾಲದಲ್ಲಿ ಕೊನೆಗೊಳ್ಳುತ್ತದೆ. ಹಿಂದೆ ಇದರ ಸಂಖ್ಯೆ 212. ಈ ರಸ್ತೆಯ ಒಂದು ತುದಿಯ ಬಳಿ ಬೇಪೂರಿನ ತೇಗದ ಹಡಗುಗಳಿವೆ. ಇನ್ನೊಂದು ತುದಿಯ ಬಳಿ ಕಾವೇರಿಯ ಹರಿಗೋಲುಗಳಿವೆ. ನಡುವೆ ತೇಗ ಬೆಳೆಯುವ ಕಾಡು ಇದೆ. ಮರಕ್ಕೆ ಏನು ಬಳಿಯಬೇಕೆಂಬ ಪ್ರಶ್ನೆಗೆ ಬೇಕಾದ ಸಾಕ್ಷ್ಯವೆಲ್ಲ ಈ ಒಂದು ದಾರಿಯ ಆಸುಪಾಸಿನಲ್ಲೇ ಸಿಗುತ್ತದೆ.

ತೇಗದ ದಾರಿ

ಹಡಗಿಗೆ ಒದಗುವ ಮರಗಳಲ್ಲಿ ತೇಗಕ್ಕೆ ಮೊದಲ ಸ್ಥಾನ. ಅದರೊಳಗೆ ಸಹಜವಾಗಿಯೇ ಎಣ್ಣೆಯ ಅಂಶವಿದೆ. ಗೆದ್ದಲು ಅದನ್ನು ಸುಲಭವಾಗಿ ಮುಟ್ಟುವುದಿಲ್ಲ. ನೀರು ಕುಡಿದು ಉಬ್ಬುವುದು, ಬಿಸಿಲಿಗೆ ಒಣಗಿ ಸೊರಗುವುದು ಬೇರೆ ಮರಗಳಿಗಿಂತ ಕಡಿಮೆ. ಯುರೋಪಿನವರು ನೆಚ್ಚಿಕೊಂಡಿದ್ದ ಓಕ್ ಮರದ ಆಮ್ಲ ಕಬ್ಬಿಣದ ಮೊಳೆಗಳನ್ನು ತಿಂದುಹಾಕುತ್ತಿತ್ತು. ತೇಗದಲ್ಲಿ ಹೊಡೆದ ಮೊಳೆ ಬಹುಕಾಲ ಉಳಿಯುತ್ತಿತ್ತು. ಮೈಸೂರಿನ ದಕ್ಷಿಣದ ಕಾಡು, ವಯನಾಡು ಮತ್ತು ನಿಲಂಬೂರಿನ ಕಾಡುಗಳು ಇಂಥ ತೇಗದ ನೆಲೆಗಳು. ನಿಲಂಬೂರಿನ ದಿಮ್ಮಿಗಳನ್ನು ಚಾಲಿಯಾರ್ ನದಿಗೆ ಉರುಳಿಸಿದರೆ ಅವು ತೇಲುತ್ತ ನದಿ ಕಡಲು ಸೇರುವ ಬೇಪೂರನ್ನು ತಲುಪುತ್ತಿದ್ದವು. ಅರಬ್ ವರ್ತಕರಿಗಾಗಿ ‘ಉರು’ ಎಂಬ ದೊಡ್ಡ ಮರದ ಹಡಗುಗಳನ್ನು ಕಟ್ಟುವ ಕಸುಬು ಅಲ್ಲಿ ಬೆಳೆದದ್ದು ಹೀಗೆ.

ಮಲಬಾರು ಮೈಸೂರಿನ ಆಳ್ವಿಕೆಯಲ್ಲಿದ್ದಾಗ ಈ ದಾರಿಯ ಮಹತ್ವ ಇನ್ನಷ್ಟು ಹೆಚ್ಚಿತು. ಬೇಪೂರಿಗೆ ಸುಲ್ತಾನ್ ಪಟ್ಟಣ ಎಂಬ ಹೆಸರು ಬಂದದ್ದು, ಅದರ ಸಮೀಪದಲ್ಲೇ ನದಿದಂಡೆಯ ಮೇಲೆ ಫರೂಕ್ ತಲೆಯೆತ್ತಿದ್ದು ಟಿಪ್ಪುವಿನ ಕಾಲದಲ್ಲಿ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಮಲಬಾರು ಕೈತಪ್ಪಿದ ಮೇಲೂ ಅವನು ಹಡಗಿನ ಆಸೆ ಬಿಡಲಿಲ್ಲ. 1796ರ ಆಜ್ಞೆಯಲ್ಲಿ ಸುಮಾರು 40 ಯುದ್ಧನೌಕೆಗಳ ಯೋಜನೆ ಹಾಕಿ, ಮಂಗಳೂರು, ಮಿರ್ಜಾನ್ ಮತ್ತು ಸದಾಶಿವಗಡಗಳ ಸಮೀಪ ಹಡಗುಕಟ್ಟೆಗಳನ್ನು ಗೊತ್ತುಮಾಡಿದ. 1799ರ ಮೇ 4ರಂದು ಅವನು ಮಡಿಯುವುದರೊಂದಿಗೆ ಆ ಯೋಜನೆಯೂ ಮುಗಿಯಿತು. ತೇಗದ ಮೇಲಿನ ಕಣ್ಣು ಮಾತ್ರ ಮುಗಿಯಲಿಲ್ಲ. ಅದು ಒಬ್ಬರಿಂದ ಇನ್ನೊಬ್ಬರಿಗೆ ವರ್ಗವಾಯಿತು.

ನೀರಿನ ಕೆಳಗೊಂದು, ಮೇಲೊಂದು

ಬಣ್ಣವೋ ಎಣ್ಣೆಯೋ ಎಂಬ ಪ್ರಶ್ನೆಗೆ ಅರಬ್ಬೀ ಸಮುದ್ರದ ನಾವಿಕರು ಕೊಟ್ಟ ಉತ್ತರ ಸ್ವಾರಸ್ಯಕರವಾಗಿದೆ. ಅವರು ಎರಡನ್ನೂ ಆಯ್ದುಕೊಂಡರು, ಆದರೆ ಒಂದೇ ಜಾಗಕ್ಕಲ್ಲ. ನೀರಿನಲ್ಲಿ ಮುಳುಗುವ ಭಾಗಕ್ಕೆ ಸುಣ್ಣ ಮತ್ತು ಪ್ರಾಣಿಯ ಕೊಬ್ಬನ್ನು ಕಲಸಿ ಮಾಡಿದ ಬಿಳಿಯ ಲೇಪ. ನೀರಿನಿಂದ ಮೇಲಿರುವ ಭಾಗಕ್ಕೆ ಶಾರ್ಕಿನ ಅಥವಾ ಬೇರೆ ಮೀನಿನ ಎಣ್ಣೆ. ದೂರದಿಂದ ನೋಡಿದರೆ ಹಡಗಿಗೆ ಬಿಳಿಯ ಪಂಚೆ ಉಡಿಸಿದಂತೆ ಕಾಣುತ್ತಿತ್ತು. ಪಂಚೆಯ ಮೇಲಿನ ಮೈ ಕಂದು ಬಣ್ಣದ ಬರಿಮರ. ಆಸ್ಟ್ರೇಲಿಯದ ನಾವಿಕ ಲೇಖಕ ಅಲನ್ ವಿಲಿಯರ್ಸ್ 1938-39ರಲ್ಲಿ ಕುವೈತಿನ ಹಡಗಿನಲ್ಲಿ ಪಯಣಿಸಿದಾಗಲೂ ಈ ಪದ್ಧತಿ ಜೀವಂತವಾಗಿತ್ತು. ಕುವೈತಿನ ಆ ಹಡಗುಗಳಿಗೆ ತೇಗ ಹೋಗುತ್ತಿದ್ದುದು ಮಲಬಾರಿನಿಂದಲೇ.

ಈ ವಿಂಗಡಣೆಗೆ ಕಾರಣವಿತ್ತು. ಬೆಚ್ಚನೆಯ ಉಪ್ಪುನೀರಿನಲ್ಲಿ ಹಡಗುಹುಳು ಎಂಬ ಜೀವಿಯಿದೆ. ಹೆಸರಿಗೆ ಹುಳುವಾದರೂ ಅದು ಮಳಿಯ ಜಾತಿಗೆ ಸೇರಿದ ಮೃದ್ವಂಗಿ. ಸೂಜಿ ಮೊನೆಯಷ್ಟು ಸಣ್ಣ ರಂಧ್ರದಿಂದ ಒಳಹೊಕ್ಕು ಹಲಗೆಯೊಳಗೇ ಬೆಳೆದು, ಹೊರಗೆ ಏನೂ ಕಾಣದಂತೆ ಮರವನ್ನು ಜೇನುಗೂಡು ಮಾಡಿಬಿಡುತ್ತದೆ. ಅದರ ಮರಿ ಹಲಗೆಗೆ ಅಂಟಿಕೊಳ್ಳದಂತೆ ದಪ್ಪ ಪೊರೆಯೊಂದು ಬೇಕಿತ್ತು. ಸುಣ್ಣದ ಲೇಪ ಆ ಕೆಲಸ ಮಾಡುತ್ತಿತ್ತು. ಕೆಲವು ತಿಂಗಳಿಗೊಮ್ಮೆ ಇಳಿತದ ವೇಳೆ ಹಡಗನ್ನು ಮರಳಿನ ಮೇಲೆ ನಿಲ್ಲಿಸಿ, ಹಳೆಯ ಲೇಪ ಹೆರೆದು ಹೊಸದನ್ನು ಬಳಿಯುತ್ತಿದ್ದರು. ಹಾಗೆ ಹೆರೆಯುವಾಗ ಪ್ರತಿಯೊಂದು ಹಲಗೆಯೂ ಕಣ್ಣಿಗೆ ಬೀಳುತ್ತಿತ್ತು. ಲೇಪ ಬಾಳಿಕೆ ಬರದೆ ಇದ್ದುದೇ ಒಂದು ರೀತಿಯಲ್ಲಿ ಹಡಗಿನ ತಪಾಸಣೆಗೆ ಅವಕಾಶ ಮಾಡಿಕೊಟ್ಟಿತು.

ನೀರಿನ ಮೇಲಿನ ಭಾಗಕ್ಕೆ ಹುಳುವಿನ ಕಾಟವಿಲ್ಲ. ಅಲ್ಲಿ ಬಿಸಿಲು ಮತ್ತು ಮಳೆಯದೇ ಕಾಟ. ಮೀನೆಣ್ಣೆ ಮರದೊಳಗೆ ಇಳಿದು, ಎಳೆಗಳನ್ನು ಮೃದುವಾಗಿಟ್ಟು, ಬಿರುಕು ಬಿಡದಂತೆ ನೋಡಿಕೊಳ್ಳುತ್ತಿತ್ತು. ಅದರ ವಾಸನೆ ಮೂಗು ಮುಚ್ಚಿಕೊಳ್ಳುವಂಥದು. ಆದರೆ ಅಗ್ಗವಾಗಿ, ಹೇರಳವಾಗಿ ಸಿಗುತ್ತಿತ್ತು. ನಮ್ಮ ಕರಾವಳಿಯಲ್ಲಿ ಬೂತಾಯಿ, ಕಾರವಾರದ ಕಡೆ ತಾರ್ಲೆ ಎನ್ನುವ ಮೀನಿನ ಎಣ್ಣೆ ದೋಣಿಗಳಿಗೆ ಬಳಕೆಯಾಗುತ್ತಿತ್ತು. ಪೋರ್ಚುಗೀಸರ ಕಾಲದಲ್ಲಿ ಗೇರು ಮರ ಈ ದಂಡೆಗೆ ಬಂದ ಮೇಲೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆಯೂ ದೋಣಿ ಮತ್ತು ಬಲೆಗಳಿಗೆ ಬಳಿಯುವ ವಸ್ತುವಾಯಿತು. ಚರ್ಮವನ್ನು ಸುಡುವ ಆ ಎಣ್ಣೆಯನ್ನು ಮರ ಕೊರೆಯುವ ಹುಳುಗಳೂ ಸಹಿಸುವುದಿಲ್ಲ. ಸುರಹೊನ್ನೆ ಬೀಜದ ಎಣ್ಣೆ, ಧೂಪದ ಮರದ ರಾಳ ಇವು ಹಲಗೆಗಳ ಸಂದು ತುಂಬಲು ಒದಗುತ್ತಿದ್ದವು.

ಹೊರಗಿನವರು ಇದನ್ನು ಬೆರಗಿನಿಂದ ಗಮನಿಸಿದ್ದಾರೆ. 13ನೇ ಶತಮಾನದ ಪ್ರವಾಸಿ ಮಾರ್ಕೊ ಪೋಲೊ ಹೋರ್ಮುಜಿನಲ್ಲಿ ನೋಡಿದ ಹೊಲಿಗೆಯ ಹಡಗುಗಳಿಗೆ ಡಾಂಬರಿನ ಬದಲು ಮೀನೆಣ್ಣೆ ಬಳಿಯುತ್ತಿದ್ದರೆಂದು ಬರೆದಿದ್ದಾನೆ. ಚೀನಾದ ಹಡಗುಗಳಿಗೆ ಸುಣ್ಣ, ಕತ್ತರಿಸಿದ ಸೆಣಬಿನ ನಾರು ಮತ್ತು ಒಂದು ಮರದ ಎಣ್ಣೆಯನ್ನು ಕುಟ್ಟಿ ಬೆರೆಸಿ ಬಳಿಯುತ್ತಿದ್ದರೆಂದೂ ಹೇಳುತ್ತಾನೆ. ಯಾರ ದಂಡೆಯಲ್ಲಿ ಏನು ಸಿಗುತ್ತದೋ ಅದೇ ಅವರ ಹಡಗಿನ ಅಂಗಿ.

ಬಿಸಿಲು ಮಾಡುವ ಕೆಲಸ

ಎಣ್ಣೆ ಅಥವಾ ವಾರ್ನಿಷ್ ಏಕೆ ಬೇಗ ಸೋಲುತ್ತದೆ, ಬಣ್ಣ ಏಕೆ ಹೆಚ್ಚು ಕಾಲ ನಿಲ್ಲುತ್ತದೆ ಎಂಬುದಕ್ಕೆ ವಿಜ್ಞಾನ ಸರಳ ಉತ್ತರ ಕೊಡುತ್ತದೆ. ಮರ ಎಂದರೆ ನಾರುಗಳ ಕಟ್ಟು. ಆ ನಾರುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ವಸ್ತು ಲಿಗ್ನಿನ್. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಈ ಲಿಗ್ನಿನ್ನನ್ನು ಒಡೆಯುತ್ತವೆ. ವಾರ್ನಿಷ್ ಗಾಜಿನಂತೆ ಪಾರದರ್ಶಕ. ಕಣ್ಣಿಗೆ ಮರ ಕಾಣಬೇಕಾದರೆ ಬೆಳಕು ಒಳಗೆ ಹೋಗಲೇಬೇಕು. ಬೆಳಕಿನ ಜೊತೆಗೆ ಈ ಕಿರಣಗಳೂ ಹೋಗುತ್ತವೆ. ವಾರ್ನಿಷಿನ ಪೊರೆ ಗಟ್ಟಿಯಾಗಿಯೇ ಇರಬಹುದು, ಆದರೆ ಅದು ಹಿಡಿದುಕೊಂಡಿದ್ದ ಮರದ ಮೇಲ್ಪದರ ಪುಡಿಯಾಗುತ್ತದೆ. ಆಗ ಪೊರೆ ಹಪ್ಪಳದಂತೆ ಎದ್ದು ಬರುತ್ತದೆ. ಎದ್ದ ಜಾಗದಿಂದ ನೀರು ನುಗ್ಗಿ ಕಪ್ಪು ಕಲೆಗಳಾಗುತ್ತವೆ.

ಬಣ್ಣದಲ್ಲಿರುವುದೂ ಬಹುತೇಕ ಅದೇ ಎಣ್ಣೆ, ಅದೇ ರಾಳ. ವ್ಯತ್ಯಾಸವೆಂದರೆ ಅದರಲ್ಲಿ ಬಣ್ಣದ ಪುಡಿ ಬೆರೆತಿರುತ್ತದೆ. ಆ ಪುಡಿಯ ಕಣಗಳು ಕೊಡೆ ಹಿಡಿದಂತೆ ಬಿಸಿಲನ್ನು ಮೇಲೆಯೇ ತಡೆಯುತ್ತವೆ. ಆದ್ದರಿಂದ ನಮ್ಮ ಬಿಸಿಲಿನಲ್ಲಿ ವಾರ್ನಿಷಿಗೆ ವರ್ಷಕ್ಕೊಮ್ಮೆಯಾದರೂ ಉಪ್ಪುಕಾಗದ ಮತ್ತು ಹೊಸ ಕೈ ಬೇಕಾದರೆ, ಒಳ್ಳೆಯ ಬಣ್ಣ ಹಲವು ವರ್ಷ ತಾಳುತ್ತದೆ. ಬಣ್ಣದಲ್ಲೂ ಭೇದವಿದೆ. ಕಪ್ಪು, ಗಾಢ ನೀಲಿಯಂಥ ಬಣ್ಣಗಳು ಬಿಸಿಲನ್ನು ಹೀರಿ ಹಲಗೆಯನ್ನು ಕಾಯಿಸುತ್ತವೆ. ಹಲಗೆ ಒಣಗಿ ಸಂದು ಬಿಡುತ್ತದೆ. ಬಿಳಿ ಅಥವಾ ತಿಳಿಬಣ್ಣದ ಒಡಲು ತಂಪಾಗಿರುತ್ತದೆ.

ಹಾಗಾದರೆ ಬಣ್ಣವೇ ಮೇಲಲ್ಲವೆ? ಪ್ರಶ್ನೆ ಇಷ್ಟಕ್ಕೇ ಮುಗಿಯುವುದಿಲ್ಲ. ಬಣ್ಣದ ಅಡಿಯಲ್ಲಿ ಕೆಟ್ಟ ಹಲಗೆಯನ್ನು ಪುಟ್ಟಿ ತುಂಬಿ ಅಡಗಿಸಬಹುದು. ಬಿರುಕು, ಗಂಟು, ಬೇರೆ ಜಾತಿಯ ಅಗ್ಗದ ಮರದ ತೇಪೆ, ಕೊಳೆತು ಮೆತ್ತಗಾದ ಭಾಗ, ಎಲ್ಲವೂ ಒಂದು ಕೈ ಬಣ್ಣದಲ್ಲಿ ಹೊಸದರಂತೆ ಹೊಳೆಯುತ್ತವೆ. ವಾರ್ನಿಷಿನ ಕೆಳಗೆ ಇದು ಸಾಧ್ಯವಿಲ್ಲ. ತೇವ ನುಗ್ಗಿದ ಕೂಡಲೇ ಮರ ಕಪ್ಪಾಗಿ ದೂರು ಹೇಳುತ್ತದೆ. ಬಣ್ಣ ಕಾಯುತ್ತದೆ, ಆದರೆ ಮುಚ್ಚುತ್ತದೆ. ಎಣ್ಣೆ ತೋರಿಸುತ್ತದೆ, ಆದರೆ ದುಡಿಮೆಯನ್ನು ಬೇಡುತ್ತದೆ. ಹಳೆಯ ಹಡಗನ್ನು ಪರೀಕ್ಷಿಸುವವರು ಇಂದಿಗೂ ಬಣ್ಣವನ್ನು ನಂಬದೆ ಸಣ್ಣ ಸುತ್ತಿಗೆಯಿಂದ ಹಲಗೆ ಹಲಗೆಯನ್ನೂ ತಟ್ಟಿ ಸದ್ದು ಕೇಳುತ್ತಾರೆ. ಗಟ್ಟಿ ಮರ ಟಣ್ ಎನ್ನುತ್ತದೆ. ಕೊಳೆತದ್ದು ಬೊದ್ದು ಸದ್ದು ಕೊಡುತ್ತದೆ.

ಹಡಗು ಬಣ್ಣ ಹಚ್ಚಿಕೊಂಡಾಗ

ಬ್ರಿಟಿಷ್ ನೌಕಾಪಡೆಯ ಇತಿಹಾಸವೂ ಇದೇ ಕವಲುದಾರಿಯಲ್ಲಿ ನಡೆದಿದೆ. 18ನೇ ಶತಮಾನದ ಬಹುಭಾಗ ಅದರ ಹಡಗುಗಳ ಪಕ್ಕೆಗಳಿಗೆ ರಾಳ, ಟರ್ಪೆಂಟೈನ್ ಮತ್ತು ಎಣ್ಣೆಯ ಮಿಶ್ರಣವನ್ನೇ ಬಳಿಯುತ್ತಿದ್ದರು. ಮರ ಜೇನಿನ ಬಣ್ಣದಲ್ಲಿ ಕಾಣುತ್ತಿತ್ತು. ನೀರಿನ ಕೆಳಗಿನ ಭಾಗಕ್ಕೆ ತಿಮಿಂಗಿಲದ ಎಣ್ಣೆ, ರಾಳ ಮತ್ತು ಗಂಧಕದ ಬಿಳಿಯ ಲೇಪವಿತ್ತು. ಅರಬ್ಬರ ಸುಣ್ಣ ಮತ್ತು ಮೀನೆಣ್ಣೆಯ ಪದ್ಧತಿಗೂ ಇದಕ್ಕೂ ಇರುವ ಹೋಲಿಕೆ ಗಮನಾರ್ಹ. ಒಬ್ಬರನ್ನು ಇನ್ನೊಬ್ಬರು ನೋಡಿ ಕಲಿಯಬೇಕಾಗಿರಲಿಲ್ಲ. ಮರ ಮತ್ತು ಸಮುದ್ರ ಇಬ್ಬರಿಗೂ ಒಂದೇ ಪಾಠ ಕಲಿಸಿದ್ದವು.

1761ರಲ್ಲಿ ‘ಅಲಾರ್ಮ್’ ಎಂಬ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡು ಹೊದಿಸಿ ಪ್ರಯೋಗ ನಡೆಯಿತು. 1780ರ ದಶಕದ ವೇಳೆಗೆ ಇದು ಇಡೀ ನೌಕಾಪಡೆಗೆ ಹರಡಿತು. ಹುಳು ಸೋತಿತು. ಅದೇ ಅವಧಿಯಲ್ಲಿ ನೀರಿನ ಮೇಲಿನ ಪಕ್ಕೆಗಳೂ ಕ್ರಮೇಣ ಹಳದಿ ಮತ್ತು ಕಪ್ಪು ಬಣ್ಣಕ್ಕೆ ತಿರುಗಿದವು. 1805ರ ಟ್ರಫಾಲ್ಗರ್ ಕದನದ ಕಾಲಕ್ಕೆ ಹಳದಿ ಕಪ್ಪು ಪಟ್ಟೆಗಳು ನೆಲ್ಸನ್ನನ ಹಡಗುಗಳ ಗುರುತೇ ಆಗಿದ್ದವು. ಯುದ್ಧದ ಹೊಗೆಯಲ್ಲಿ ತನ್ನವರನ್ನು ಗುರುತಿಸಲು ಬಣ್ಣ ಬೇಕಿತ್ತು. ಯುದ್ಧಕಾಲದ ಅವಸರಕ್ಕೆ ಬೇಗ ಮುಗಿಯುವ, ಬಹುಕಾಲ ನಿಲ್ಲುವ ಲೇಪವೂ ಬೇಕಿತ್ತು.

ಅವಸರದ ಇನ್ನೊಂದು ಪರಿಣಾಮ ನಮ್ಮ ಕಾಡುಗಳ ಮೇಲಾಯಿತು. ಇಂಗ್ಲೆಂಡಿನಲ್ಲಿ ಓಕ್ ಮರದ ಅಭಾವ ತಲೆದೋರಿದಾಗ ನೌಕಾಪಡೆ ಮಲಬಾರಿನ ತೇಗದ ಕಡೆ ತಿರುಗಿತು. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬಾತ ಈ ಭಾಗದ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾಗಿ ನೇಮಕಗೊಂಡ. ಹುದ್ದೆಯ ಹೆಸರು ಸಂರಕ್ಷಣೆ, ಕೆಲಸ ಮಾತ್ರ ಹಡಗಿಗೆ ಮರ ಒದಗಿಸುವುದು. ಕಾಡಿನ ಒಡೆಯರೂ ವರ್ತಕರೂ ರೇಗಿದರು. 1823ರಲ್ಲಿ ಥಾಮಸ್ ಮನ್ರೋ ಆ ಏಕಸ್ವಾಮ್ಯವನ್ನು ರದ್ದುಮಾಡಿದ. ಕಡಿದದ್ದನ್ನು ಮತ್ತೆ ಬೆಳೆಸಬೇಕೆಂಬ ಬುದ್ಧಿ ಬಂದದ್ದು 1840ರ ದಶಕದಲ್ಲಿ. ಮಲಬಾರಿನ ಕಲೆಕ್ಟರ್ ಕಾನಲಿ ನಿಲಂಬೂರಿನಲ್ಲಿ ತೇಗದ ನೆಡುತೋಪು ಹಾಕಿಸಿದ್ದು ಆಗ. ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆ ಸ್ಥಾಪನೆಯಾದದ್ದು 1864ರಲ್ಲಿ.

ಮಲಬಾರಿನ ತೇಗ ಎಂಥದೆಂಬುದಕ್ಕೆ ಒಂದು ಸಾಕ್ಷಿ ಇಂದಿಗೂ ನೀರಿನ ಮೇಲಿದೆ. ಮುಂಬಯಿಯಲ್ಲಿ ವಾಡಿಯಾ ಮನೆತನದ ಪಾರ್ಸಿ ಕುಶಲಿಗಳು ಕಟ್ಟಿ 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕೋಮಲಿ’ ಎಂಬ ಯುದ್ಧನೌಕೆಯನ್ನು ಇಂಗ್ಲೆಂಡಿನ ಹಾರ್ಟಲ್‌ಪೂಲ್ ಬಂದರಿನಲ್ಲಿ ಕಾಪಾಡಿಕೊಂಡು ಬರಲಾಗಿದೆ. ಎರಡು ಶತಮಾನ ದಾಟಿದರೂ ಅದು ತೇಲುತ್ತಿದೆ. ಅದರ ಮೈಮೇಲಿರುವುದು ಬಣ್ಣ. ಆದರೆ ಅದು ಉಳಿದದ್ದು ಬಣ್ಣದಿಂದ ಮಾತ್ರವಲ್ಲ. ಒಳಗಿನ ಮರದಿಂದ, ಮತ್ತು ಆ ಮರವನ್ನು ಬಿಚ್ಚಿ ನೋಡಿ ದುರಸ್ತಿ ಮಾಡಿದ ಕೈಗಳಿಂದ.

ಅರಗಿನ ಹೊಳಪು

ಪಾರದರ್ಶಕ ಲೇಪದ ಮಾತು ಬಂದಾಗ ಕನ್ನಡನಾಡು ಅರಗನ್ನು ಮರೆಯುವಂತಿಲ್ಲ. ಜಾಲಾರಿಯಂಥ ಮರಗಳ ಕೊಂಬೆಗಳ ಮೇಲೆ ಸಣ್ಣ ಕೀಟಗಳು ಸ್ರವಿಸುವ ರಾಳವೇ ಅರಗು. ಚನ್ನಪಟ್ಟಣದ ಬೊಂಬೆ ತಿರುಗಣೆಯ ಮೇಲೆ ಸುತ್ತುವಾಗ ಅರಗಿನ ಕಡ್ಡಿ ಒತ್ತಿದರೆ ಉಜ್ಜುವ ಬಿಸಿಗೆ ಅದು ಕರಗಿ ಮರಕ್ಕೆ ಹತ್ತುತ್ತದೆ. ಗರಿಯಿಂದ ತಿಕ್ಕಿದಾಗ ಕನ್ನಡಿಯಂತೆ ಹೊಳೆಯುತ್ತದೆ. ಮೈಸೂರಿನ ಬೀಟೆಮರದ ಪೀಠೋಪಕರಣಗಳಿಗೆ ಹೊಳಪು ಕೊಡುವ ಪಾಲಿಷ್ ಕೂಡ ಅರಗನ್ನು ಮದ್ಯಸಾರದಲ್ಲಿ ಕರಗಿಸಿ ಮಾಡಿದ್ದು. ಕೊಪ್ಪಳದ ಕಡೆಯ ಕಿನ್ನಾಳದ ಕಲಾವಿದರದು ಇದಕ್ಕೆ ತದ್ವಿರುದ್ಧ ದಾರಿ. ಅವರು ಹಗುರ ಮರದ ಗೊಂಬೆಗೆ ಮೊದಲು ಲೇಪ ಮೆತ್ತಿ, ಮರ ಕಾಣದಂತೆ ಬಣ್ಣ ತುಂಬುತ್ತಾರೆ.

ಅರಗಿಗೆ ಎರಡು ದೌರ್ಬಲ್ಯಗಳಿವೆ. ಬೆಂಕಿಗೆ ಅದು ಸುಲಭವಾಗಿ ತುತ್ತಾಗುತ್ತದೆ. ಮಹಾಭಾರತದ ಅರಗಿನ ಮನೆಯ ಕಥೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರು ನಿಂತರೆ ಬೆಳ್ಳಗೆ ಮಂಜು ಕಟ್ಟಿದಂತಾಗುತ್ತದೆ. ಆದ್ದರಿಂದ ತೊಟ್ಟಿಲಿಗೆ, ಬೊಂಬೆಗೆ, ಕುರ್ಚಿಗೆ ಒಪ್ಪುವ ಅರಗು ದೋಣಿಗೆ ಒಗ್ಗಲಿಲ್ಲ. ದೋಣಿಗೆ ಬೇಕಾದ ವಾರ್ನಿಷನ್ನು ಅಗಸೆಯಂಥ ಒಣಗುವ ಎಣ್ಣೆಯಲ್ಲಿ ರಾಳವನ್ನು ಕಾಯಿಸಿ ಬೇರೆಯಾಗಿಯೇ ಮಾಡಬೇಕಾಯಿತು. ಮರದೊಡನೆ ತಾನೂ ಹಿಗ್ಗಿ ಕುಗ್ಗುವ ಗುಣ ಅದಕ್ಕಿರಬೇಕು.

ಕಾಡಿನ ಅರಗಿಗೆ ಮಾರುಕಟ್ಟೆ ಒದಗಿಸಲು 1937ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮೈಸೂರಿನಲ್ಲಿ ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಎಂಬ ಕಾರ್ಖಾನೆ ಆರಂಭವಾಯಿತು. ಆಗ ಚಾಮರಾಜನಗರ, ಗುಂಡ್ಲುಪೇಟೆಗಳೂ ಮೈಸೂರು ಜಿಲ್ಲೆಯ ಭಾಗವೇ. ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. 1989ರಲ್ಲಿ ಕಾರ್ಖಾನೆಯ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂದಾಯಿತು. ಬಣ್ಣ ಮತ್ತು ವಾರ್ನಿಷ್ ಎರಡನ್ನೂ ಹೆಸರಿನಲ್ಲೇ ಹೊತ್ತ ಈ ಸಂಸ್ಥೆ ದೇಶಕ್ಕೆಲ್ಲ ಪರಿಚಿತವಾದದ್ದು ಮಾತ್ರ ಬೇರೊಂದು ಲೇಪದಿಂದ. 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಅಲ್ಲಿಯದು. ಅದರಲ್ಲಿರುವ ಬೆಳ್ಳಿಯ ಲವಣ ಬೆಳಕು ತಾಗಿದಂತೆ ಕಪ್ಪಾಗುತ್ತದೆ. ವಾರ್ನಿಷನ್ನು ಕೆಡಿಸುವ ಬಿಸಿಲೇ ಶಾಯಿಯನ್ನು ಗಟ್ಟಿಮಾಡುತ್ತದೆ.

ಹರಿಗೋಲಿನ ಒಳಮೈ

ಹೆದ್ದಾರಿಯ ಇನ್ನೊಂದು ತುದಿಗೆ ಬಂದರೆ ಕೊಳ್ಳೇಗಾಲ, ಅದರಾಚೆ ಹನೂರು ತಾಲ್ಲೂಕಿನ ಗೋಪಿನಾಥಂ, ಹೊಗೇನಕಲ್ಲಿನ ಸೀಮೆ. ಇಲ್ಲಿಯ ಕಾವೇರಿಗೆ ಹಲಗೆಯ ದೋಣಿ ಒಗ್ಗುವುದಿಲ್ಲ. ಬಂಡೆಗಳ ನಡುವೆ ಸುಳಿಯುವ ನೀರಿನಲ್ಲಿ ಹಲಗೆ ಬಡಿದರೆ ಒಡೆಯುತ್ತದೆ. ಬಿದಿರಿನ ಬುಟ್ಟಿ ಬಡಿದರೆ ಬಾಗುತ್ತದೆ. ಆದ್ದರಿಂದ ಇಲ್ಲಿ ಹರಿಗೋಲು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಆನೆಗೊಂದಿಯ ಬಳಿ ಇಂಥವನ್ನು ಕಂಡು, ಬುಟ್ಟಿಯಂತೆ ದುಂಡಗಿರುವ, ಹೊರಗೆ ಚರ್ಮ ಹೊದಿಸಿದ ಈ ದೋಣಿಗಳಲ್ಲಿ ಹದಿನೈದಿಪ್ಪತ್ತು ಜನ ದಾಟುತ್ತಾರೆಂದೂ, ಬೇಕಾದರೆ ಕುದುರೆ ಎತ್ತುಗಳನ್ನೂ ಸಾಗಿಸುತ್ತಾರೆಂದೂ ವಿವರಿಸಿದ್ದಾನೆ. ಚರ್ಮದ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿವೆ.

ಮೈ ಮುಚ್ಚುವ ವಿಷಯದಲ್ಲಿ ಹರಿಗೋಲು ಕಲಿಸುವ ಪಾಠ ದೊಡ್ಡದು. ಅದರ ಹೊರಮೈ ಪೂರ್ತಿ ಮುಚ್ಚಿದೆ, ಒಳಮೈ ಪೂರ್ತಿ ತೆರೆದಿದೆ. ಡಾಂಬರು ನೀರನ್ನು ತಡೆಯುತ್ತದೆ. ಒಳಗೆ ಬಿದಿರಿನ ಪ್ರತಿಯೊಂದು ಸೀಳೂ ಅಂಬಿಗನ ಕಣ್ಣೆದುರಿಗಿರುತ್ತದೆ. ಎಲ್ಲಿ ಜಿನುಗುತ್ತದೆ, ಯಾವ ಸೀಳು ಮುರಿದಿದೆ ಎಂಬುದು ಕುಳಿತಲ್ಲೇ ತಿಳಿಯುತ್ತದೆ. ದಡ ಸೇರಿದ ಮೇಲೆ ಬುಟ್ಟಿಯನ್ನು ಮಗುಚಿ ಒಣಗಲು ಬಿಡುತ್ತಾರೆ.

ಹಲಗೆಯ ದೋಣಿ ಬಲ್ಲವರೂ ಹೇಳುವುದು ಇದನ್ನೇ. ಮರವನ್ನು ಕೊಳೆಸುವುದರಲ್ಲಿ ಕಡಲ ಉಪ್ಪುನೀರಿಗಿಂತ ಮಳೆಯ ಸಿಹಿನೀರು ಹೆಚ್ಚು ಅಪಾಯಕಾರಿ, ಏಕೆಂದರೆ ಮರ ತಿನ್ನುವ ಶಿಲೀಂಧ್ರಕ್ಕೆ ಉಪ್ಪು ಆಗುವುದಿಲ್ಲ. ಒಳಗೆ ನಿಂತ ಮಳೆನೀರು ಹಲಗೆಗೆ ಇಳಿದಾಗ ಅದು ಆರಿಹೋಗಲು ಒಂದು ಬದಿ ಬೇಕು. ಹೊರಗೂ ಒಳಗೂ ದಪ್ಪ ಬಣ್ಣ ಬಳಿದು ಎರಡೂ ಬಾಗಿಲು ಹಾಕಿದರೆ ತೇವ ನಡುವೆ ಸಿಕ್ಕಿಬಿದ್ದು, ಬಣ್ಣ ಹೊಳೆಯುತ್ತಿರುವಾಗಲೇ ಮರ ಕೊಳೆಯುತ್ತದೆ.

ನೆಲದ ಮೇಲಿನ ಹಡಗು

ಚಾಮರಾಜನಗರದಲ್ಲಿ ಕಡಲ ಹಡಗು ಇಲ್ಲದಿದ್ದರೂ ಅದಕ್ಕೆ ಸರಿಸಮನಾದ ಮರದ ಕಟ್ಟೋಣವೊಂದಿದೆ, ಅದು ತೇರು. ಹಡಗಿನಂತೆಯೇ ಅದೂ ನೂರಾರು ಮರದ ತುಂಡುಗಳ ಜೋಡಣೆ. ಹಡಗಿನಂತೆಯೇ ಬಿಸಿಲು ಮಳೆಗೆ ಒಡ್ಡಿಕೊಳ್ಳುತ್ತದೆ. ಹಡಗಿನಂತೆಯೇ ಅದರ ಮರ ಸೋತರೆ ಜನರ ಪ್ರಾಣಕ್ಕೆ ಸಂಚಕಾರ. ಮುಮ್ಮಡಿ ಕೃಷ್ಣರಾಜ ಒಡೆಯರು 1826ರಲ್ಲಿ ತಮ್ಮ ತಂದೆಯ ನೆನಪಿಗೆ ಕಟ್ಟಿಸಿದ ಚಾಮರಾಜೇಶ್ವರ ದೇವಾಲಯದ ರಥೋತ್ಸವ ನಡೆಯುವುದು ಆಷಾಢದಲ್ಲಿ. ಆಷಾಢದಲ್ಲಿ ಅಗಲಿರುವ ನವದಂಪತಿಗಳು ಒಟ್ಟಿಗೆ ಬಂದು ತೇರಿಗೆ ಹಣ್ಣುಜವನ ಎಸೆಯುವುದು ಇಲ್ಲಿಯ ವಿಶೇಷ. 2017ರ ಫೆಬ್ರುವರಿಯಲ್ಲಿ ಆ ದೊಡ್ಡ ತೇರು ಬೆಂಕಿಗೆ ಸಿಕ್ಕಿ ಹಾಳಾಯಿತು. ಐದು ವರ್ಷ ಉತ್ಸವ ನಿಂತೇ ಹೋಯಿತು. ಹೊಸ ತೇರು ಸಿದ್ಧವಾಗಿ ಬೀದಿಗಿಳಿದದ್ದು 2022ರ ಜುಲೈಯಲ್ಲಿ.

ಅದೇ ವರ್ಷದ ನವೆಂಬರಿನಲ್ಲಿ ಚಾಮರಾಜನಗರ ತಾಲ್ಲೂಕಿನ ಚನ್ನಪ್ಪನಪುರದ ವೀರಭದ್ರೇಶ್ವರ ಜಾತ್ರೆಯಲ್ಲಿ ಚಕ್ರ ಮುರಿದು ತೇರು ನೆಲಕ್ಕುರುಳಿತು. ಸುತ್ತ ನೆರೆದಿದ್ದ ಜನ ಕೂದಲೆಳೆಯಲ್ಲಿ ಪಾರಾದರು. ಇಂಥ ಸುದ್ದಿ ನಾಡಿನ ಒಂದಲ್ಲ ಒಂದು ಜಾತ್ರೆಯಿಂದ ಬರುತ್ತಲೇ ಇರುತ್ತದೆ. ತೇರಿನ ಭಾರ ಹೊರುವುದು ಅಚ್ಚು ಮತ್ತು ಚಕ್ರ. ವರ್ಷದಲ್ಲಿ ಒಂದೆರಡು ದಿನ ಉರುಳಿ, ಉಳಿದ ದಿನಗಳಲ್ಲಿ ಒಂದೇ ಕಡೆ ನಿಲ್ಲುವ ಅವುಗಳ ಕೆಳಭಾಗ ನೆಲದ ತೇವ ಕುಡಿಯುತ್ತದೆ. ಜಾತ್ರೆ ಹತ್ತಿರ ಬಂದಾಗ ಒಂದು ಕೈ ಬಣ್ಣ ಬಳಿಯುವುದು ಸುಲಭ, ನೋಡುವವರಿಗೂ ಸಂತೋಷ. ಅಚ್ಚಿನ ಮರ ಗಟ್ಟಿಯಿದೆಯೇ ಎಂದು ತಟ್ಟಿ ನೋಡುವುದು ಬೇರೆ ಕೆಲಸ. ಅದು ಯಾರ ಕಣ್ಣಿಗೂ ಕಾಣುವುದಿಲ್ಲ.

ಎಣ್ಣೆಯ ಪಕ್ಷ ವಹಿಸುವವರೂ ಒಂದು ಎಚ್ಚರಿಕೆ ನೆನಪಿಡಬೇಕು. ಅಗಸೆ ಎಣ್ಣೆ ಗಾಳಿ ತಾಗಿ ಒಣಗುವಾಗ ಬಿಸಿಯೇರುತ್ತದೆ. ಆ ಎಣ್ಣೆಯಲ್ಲಿ ತೊಯ್ದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಬೆಂಕಿಕಡ್ಡಿಯ ಹಂಗಿಲ್ಲದೆ ತಾನಾಗಿ ಹೊತ್ತಿಕೊಳ್ಳಬಲ್ಲದು. ಮರದ ಕೆಲಸದ ಕೊಟ್ಟಿಗೆಗಳಲ್ಲಿ ಇಂಥ ಬಟ್ಟೆಗಳನ್ನು ಬಿಡಿಸಿ ಒಣಹಾಕಬೇಕು 또는 ನೀರಿನಲ್ಲಿ ಮುಳುಗಿಸಬೇಕು.

ಮುಚ್ಚುವುದರ ಬೆಲೆ

20ನೇ ಶತಮಾನದ ಉತ್ತರಾರ್ಧದಲ್ಲಿ ಕರಾವಳಿಗೆ ಯಂತ್ರದ ದೋಣಿಗಳು ಬಂದವು. ಮೀನೆಣ್ಣೆಯ ಜಾಗವನ್ನು ಡಬ್ಬಿಯ ಬಣ್ಣ ಆಕ್ರಮಿಸಿತು. ಕೆಂಪು, ನೀಲಿ, ಹಸಿರು ದೋಣಿಗಳ ಸಾಲು ನೋಡಲು ಚೆಂದ. ಆದರೆ ಆ ಹೊಳಪಿಗೂ ಬೆಲೆ ತೆರಬೇಕಾಯಿತು. ಹಳೆಯ ಬಣ್ಣಗಳಲ್ಲಿ ಸೀಸವಿತ್ತು. ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು ದಶಲಕ್ಷಕ್ಕೆ 90 ಭಾಗಕ್ಕೆ ಮಿತಿಗೊಳಿಸುವ ನಿಯಮ ಭಾರತದಲ್ಲಿ ಜಾರಿಯಾದದ್ದು 2017ರಲ್ಲಿ. ಹಡಗಿನ ತಳಕ್ಕೆ ಚಿಪ್ಪುಗಳು ಹತ್ತದಂತೆ ತವರದ ಸಂಯುಕ್ತ ಬೆರೆಸಿದ ಬಣ್ಣಗಳು ಕಡಲ ಜೀವಿಗಳನ್ನೇ ಕೊಲ್ಲತೊಡಗಿದಾಗ, 2001ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಒಪ್ಪಂದವೊಂದು ಅವುಗಳನ್ನು ನಿಷೇಧಿಸಿತು; ಅದು 2008ರಲ್ಲಿ ಜಾರಿಗೆ ಬಂತು.

ಅದರ ಮುಂದಿನ ಹೆಜ್ಜೆ ಫೈಬರ್. ಮರದ ಒಡಲಿನ ಮೇಲೆ ಗಾಜಿನೆಳೆಯ ಬಟ್ಟೆ ಹೊದಿಸಿ ರಾಳ ಸುರಿದು ಗಟ್ಟಿಮಾಡುವ ಈ ವಿಧಾನ ಮುಚ್ಚುವ ಕಲೆಯ ಕೊನೆಯ ಘಟ್ಟ. ಹೊರಗಿನಿಂದ ನೋಡಿದರೆ ಮರವೇ ಇಲ್ಲ. ಒಣಗಿದ ಒಳ್ಳೆಯ ಮರದ ಮೇಲೆ ಸರಿಯಾಗಿ ಮಾಡಿದರೆ ದೋಣಿಯ ಆಯುಷ್ಯ ಹೆಚ್ಚುತ್ತದೆ. ಹಸಿಮರದ ಮೇಲೆ, ಅಥವಾ ಆಗಲೇ ಕೊಳೆಯತೊಡಗಿದ ಹಳೆಯ ದೋಣಿಯನ್ನು ಉಳಿಸಿಕೊಳ್ಳುವ ಆಸೆಯಿಂದ ಮಾಡಿದರೆ ಒಳಗಿನ ಮರ ಸದ್ದಿಲ್ಲದೆ ಕರಗುತ್ತದೆ. ಉಳಿಯುವುದು ಟೊಳ್ಳು ಚಿಪ್ಪು.

ಹಾಗಾದರೆ ಮರದ ದೋಣಿಯುಳ್ಳವನು ಏನು ಮಾಡಬೇಕು? ಹಳಬರ ಅನುಭವ ಮತ್ತು ಇಂದಿನ ತಿಳಿವಳಿಕೆ ಎರಡೂ ಸೇರುವ ಉತ್ತರ ಇದು. ಬಿಸಿಲು ಬೀಳುವ ಹೊರಮೈಗೆ ಬಣ್ಣ, ಅದರಲ್ಲೂ ತಿಳಿಬಣ್ಣ. ನೀರಿನ ಕೆಳಗಿನ ತಳಕ್ಕೆ ಹುಳು ಹತ್ತದ ಲೇಪ. ಒಳಮೈಗೆ ಎಣ್ಣೆ, ಮರ ಕಾಣುವಂತೆ. ಕೈ ಸುಲಭವಾಗಿ ತಲುಪುವ ಅಂಚು, ಹುಟ್ಟು, ಕೂರುವ ಹಲಗೆಗಳಿಗೆ ಬೇಕಾದರೆ ವಾರ್ನಿಷ್, ವರ್ಷವರ್ಷವೂ ಉಜ್ಜಿ ಬಳಿಯುವ ತಾಳ್ಮೆಯಿದ್ದರೆ ಮಾತ್ರ. ಬಣ್ಣ ಹಚ್ಚುವ ಮುನ್ನ ಪ್ರತಿಸಲವೂ ಹಳೆಯದನ್ನು ಹೆರೆದು ಹಲಗೆಯನ್ನು ತಟ್ಟಿ ನೋಡಬೇಕು.

ಬೇಪೂರಿನ ಉರುವಿಗಾಗಲಿ, ಗೋಪಿನಾಥಂನ ಹರಿಗೋಲಿಗಾಗಲಿ, ಚಾಮರಾಜನಗರದ ತೇರಿಗಾಗಲಿ ಈ ನಿಯಮ ಒಂದೇ. ಲೇಪ ಯಾವುದಾದರೂ ಇರಲಿ, ಅದರ ಕೆಳಗಿನ ಮರವನ್ನು ಕಾಲಕಾಲಕ್ಕೆ ಯಾರಾದರೂ ನೋಡುತ್ತಿರಬೇಕು. ಮೀನೆಣ್ಣೆಯ ಕಾಲದಲ್ಲಿ ಲೇಪವೇ ಬೇಗ ಸವೆದು ಆ ಕೆಲಸವನ್ನು ನೆನಪಿಸುತ್ತಿತ್ತು. ಹಲವು ವರ್ಷ ಬಾಳುವ ಬಣ್ಣದ ಕಾಲದಲ್ಲಿ ಅದನ್ನು ಮನುಷ್ಯರೇ ನೆನಪಿಟ್ಟುಕೊಳ್ಳಬೇಕಾಗಿದೆ.